ಬ್ಯಾಟಿ ನಾಯಿಗೆ ಯಜಮಾನ ಯಾರು?

"ಯಾಕ್ರೀ ಡಾಕ್ಟರ್ರ, ನಾವೇನ್ ಬಂದೂಕ ಹಿಡದೇವೇನು? ನಾಯಿ ಬಿಟ್ವಿ, ಬೆನ್ನ ಹತ್ತಿತು. ನರಿ ಬಿಲಾ ಹೊಕ್ತು, ನಾಯಿ ತಿರುಗಿ ಬಂತು. ಇದರಾಗ ತಪ್ಪೇನೈತಿ?"

ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳ ಪಶು ಆಸ್ಪತ್ರೆಗಳಲ್ಲಿ ಪರೀಕ್ಷಕನಾಗಿ ನಾನು ದುಡಿದಷ್ಟು ಕಾಲವೂ ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಕೇಳುವವರು ಸುಳ್ಳು ಹೇಳುವವರಲ್ಲ, ನಿಜವಾಗಿಯೂ ತಿಳಿಯದೆ ಕೇಳುವವರು. ಅವರ ನಾಯಿಗಳಿಗೆ ಹೊಲಿಗೆ ಹಾಕಿದ್ದು ಈ ಕೈಗಳೇ. ಹಂದಿಯ ಕೋರೆ ತಗುಲಿ ಪಕ್ಕೆ ಹರಿದ ನಾಯಿ, ಮೂತಿಯ ತುಂಬ ಮುಳ್ಳುಹಂದಿಯ ಮುಳ್ಳು ನೆಟ್ಟುಕೊಂಡು ಬಾಯಿ ಮುಚ್ಚಲಾರದ ನಾಯಿ, ಗಜೇಂದ್ರಗಡದ ಗುಡ್ಡದ ಕಲ್ಲಿಗೆ ಅಂಗಾಲು ಸುಲಿದುಕೊಂಡ ನಾಯಿ, ಬ್ಯಾಸಗಿಯಲ್ಲಿ ಬಾಯಿಬಿಟ್ಟ ಎರಿಹೊಲದ ಬಿರುಕಿಗೆ ಮುಂಗಾಲು ಸಿಕ್ಕು ಮುರಿದ ನಾಯಿ. ಗಾಯ ನೋಡಿದರೆ ಸಾಕು, ಯಾವ ಸೀಮೆಯಲ್ಲಿ ಯಾವ ಪ್ರಾಣಿಯ ಹಿಂದೆ ಓಡಿದ್ದು ಎಂದು ಹೇಳಬಹುದಿತ್ತು.

ಪ್ರಶ್ನೆಗೆ ಉತ್ತರ ಕಾಯ್ದೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೆ ಏನೆಂದು ಎರಡನೆಯ ಕಲಮಿನಲ್ಲೇ ಬಿಡಿಸಿ ಹೇಳುತ್ತದೆ. ಕೊಲ್ಲುವುದು, ವಿಷ ಇಕ್ಕುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಉರುಲು ಒಡ್ಡುವುದು, ಬೋನಿಗೆ ಕೆಡಹುವುದು, ಸೋವಿ ಎಬ್ಬಿಸಿ ಓಡಿಸುವುದು, ಆಮಿಷ ಇಡುವುದು, ಇವೆಲ್ಲವೂ ಬೇಟೆ. ಇವುಗಳ ಪ್ರಯತ್ನವೂ ಬೇಟೆ. ನರಿ ಬಿಲ ಹೊಕ್ಕಿತು, ನಾಯಿ ಬರಿಗೈಲಿ ಬಂತು ಎಂಬುದು ಕಾಯ್ದೆಯ ಮುಂದೆ ಸಮಾಧಾನವಾಗುವುದಿಲ್ಲ. ಹಗ್ಗ ಬಿಚ್ಚಿ ನಾಯಿಯನ್ನು ಮುಂದಕ್ಕೆ ಬಿಟ್ಟ ಗಳಿಗೆಗೇ ಅಪರಾಧ ಪೂರ್ತಿಯಾಯಿತು. 2022ರಲ್ಲಿ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂದು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಅದರ ಪ್ರಕಾರ ನಮ್ಮ ಹೊಲದ ನರಿ, ಗುಳ್ಳೆನರಿ, ತೋಳ, ಚಿಗರಿ ಎಲ್ಲವೂ ಮೊದಲ ಅನುಸೂಚಿಯಲ್ಲಿವೆ. ಇವುಗಳ ಬೇಟೆಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಮೊಲ, ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿವೆ. ಅವುಗಳ ಮೇಲೆ ನಾಯಿ ಬಿಟ್ಟರೂ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಜೈಲಿನ ಲೆಕ್ಕ ಹೇಳಿ ಯಾರನ್ನೂ ಒಪ್ಪಿಸಿದಂತಾಗುವುದಿಲ್ಲ. ನಾಯಿ ಬಿಟ್ಟು ಆಡುವ ಬೇಟೆಯನ್ನು ಎಲ್ಲ ಕಾಲದಲ್ಲೂ ಯಾರೋ ಒಬ್ಬರು ಆಳಿದ್ದಾರೆ. ಯಾರು ಆಡಬೇಕು, ಎಲ್ಲಿ ಆಡಬೇಕು, ನಾಯಿ ಯಾರದು, ಹಾಳಾದ ಬೆಳೆಗೆ ಯಾರು ಹೊಣೆ ಎಂಬುದಕ್ಕೆ ಒಂದು ಕಟ್ಟು ಇತ್ತು. ಆ ಕಟ್ಟು ಈಗ ನಮ್ಮ ಸೀಮೆಯಲ್ಲಿ ಇಲ್ಲ. ನಾಯಿ ಮಾತ್ರ ಉಳಿದಿದೆ. ನನ್ನ ಚಿಂತೆ ಅದು.

ಬೇಟೆನಾಯಿಯಲ್ಲಿ ಎರಡು ಬಗೆ. ಒಂದು ಮೂಗಿನಿಂದ ಬೇಟೆಯಾಡುವುದು, ಇನ್ನೊಂದು ಕಣ್ಣಿನಿಂದ. ಇಂಗ್ಲೆಂಡಿನ ಫಾಕ್ಸ್‌ಹೌಂಡ್ ಮೂಗಿನ ನಾಯಿ. ಅಲ್ಲಿನ ನರಿ ಪೊದೆ, ತೋಪು, ಬೇಲಿಸಾಲುಗಳಲ್ಲಿ ಅಡಗುತ್ತದೆ. ಅದರ ವಾಸನೆ ಹಿಡಿದು ನಾಯಿಗಳ ಹಿಂಡು ಗಂಟೆಗಟ್ಟಲೆ ಹಿಂಬಾಲಿಸಬೇಕು. ಹಿಂಡೆಂದರೆ ಒಂದೆರಡಲ್ಲ. ಅಲ್ಲಿ ನಾಯಿಗಳನ್ನು ಜೋಡಿ ಲೆಕ್ಕದಲ್ಲಿ ಎಣಿಸುತ್ತಾರೆ, ಹದಿನೈದು ಇಪ್ಪತ್ತು ಜೋಡಿ ಒಟ್ಟಿಗೆ ಹೊರಡುವುದು ಸಾಮಾನ್ಯ. ಹಿಂದೆ ಕುದುರೆ ಏರಿದ ಜನ. ಇಂಥ ದಂಡು ಒಂದೇ ದಿನ ಹತ್ತಾರು ರೈತರ ಹೊಲ ದಾಟುತ್ತದೆ. ಯಜಮಾನಿಕೆ ಇಲ್ಲದೆ ಇದು ನಡೆಯುವುದೇ ಇಲ್ಲ.

ಆದ್ದರಿಂದ ಅವರು ಒಂದು ವ್ಯವಸ್ಥೆ ಕಟ್ಟಿದರು. ಪ್ರತಿ ಬೇಟೆಕೂಟಕ್ಕೆ ಒಬ್ಬ ಮಾಸ್ಟರ್. ನಾಯಿಗಳನ್ನು ನಡೆಸಲು ಕೊಂಬೂದುವ ಹಂಟ್ಸ್‌ಮನ್, ಅವನ ಕೈಕೆಳಗೆ ದಾರಿತಪ್ಪಿದ ನಾಯಿಗಳನ್ನು ತಿರುಗಿಸುವವರು, ಕುದುರೆ ಸವಾರರನ್ನು ಹದ್ದಿನಲ್ಲಿಡಲು ಇನ್ನೊಬ್ಬ. ಪ್ರತಿ ಕೂಟಕ್ಕೂ ಗಡಿ ಗುರುತಿಸಿದ ಸೀಮೆ, ಪಕ್ಕದ ಕೂಟದ ಸೀಮೆಗೆ ಕಾಲಿಡುವಂತಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಹಂಗಾಮು. 1881ರಲ್ಲಿ ಮಾಸ್ಟರುಗಳದೇ ಒಂದು ಸಂಘ ಹುಟ್ಟಿ, ಗಡಿಜಗಳ ತೀರಿಸುವುದು, ನಿಯಮ ಮುರಿದವರನ್ನು ಹೊರಗಿಡುವುದು ಅದರ ಕೆಲಸವಾಯಿತು. ನಾಯಿಗಳ ವಂಶಾವಳಿ ಪುಸ್ತಕವಂತೂ 1800ರಷ್ಟು ಹಿಂದಿನ ನಾಯಿಗಳನ್ನೂ ದಾಖಲಿಸಿದೆ.

ಪಶುಗಳ ನಡುವೆ ಬದುಕಿದ ನನಗೆ ಇದರಲ್ಲಿ ಹಿಡಿಸಿದ ಸಂಗತಿಗಳು ಬೇರೆ. ಆ ಕೂಟಗಳು ಮರಿಗಳನ್ನು ಕೆನಲ್‌ನಲ್ಲೇ ಬೆಳೆಸುತ್ತಿರಲಿಲ್ಲ. ಕೆಲವು ತಿಂಗಳು ರೈತರ ಮನೆಗೆ ಬಿಡುತ್ತಿದ್ದವು. ಕುರಿ, ಕೋಳಿ, ಮಕ್ಕಳ ನಡುವೆ ಬೆಳೆದ ನಾಯಿ ದೊಡ್ಡದಾದ ಮೇಲೆ ಕುರಿಯ ಮೇಲೆ ಬೀಳುವುದಿಲ್ಲ. ನರಿ ಕೋಳಿ ಕದ್ದರೆ ರೈತನಿಗೆ ಕೂಟವೇ ದುಡ್ಡು ಕೊಡುತ್ತಿತ್ತು. ಸತ್ತ ದನವನ್ನು ಕೂಟದ ಗಾಡಿ ಬಂದು ಹೊತ್ತೊಯ್ದು ನಾಯಿಗಳಿಗೆ ಹಾಕುತ್ತಿತ್ತು. ಬೇಟೆ ಕ್ರೂರವೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಾನಿಯಾದರೆ ಯಾರ ಬಾಗಿಲಿಗೆ ಹೋಗಬೇಕೆಂಬುದು ಆ ಸೀಮೆಯ ಎಲ್ಲ ರೈತರಿಗೂ ಗೊತ್ತಿತ್ತು.

ಅದೇ ಇಂಗ್ಲೆಂಡು ಕೊನೆಗೆ ಬೇಟೆಯನ್ನು ನಿಲ್ಲಿಸಿತು. ಸ್ಕಾಟ್ಲೆಂಡಿನಲ್ಲಿ 2002ರಲ್ಲಿ ಕಾಯ್ದೆ ಬಂತು. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2004ರ ಕಾಯ್ದೆ 2005ರ ಫೆಬ್ರುವರಿ 18ರಂದು ಜಾರಿಯಾಯಿತು. ಆಮೇಲೆ ಕೂಟಗಳು ನೆಲದ ಮೇಲೆ ವಾಸನೆಯ ಜಾಡು ಎಳೆದು ನಾಯಿಗಳನ್ನು ಅದರ ಹಿಂದೆ ಓಡಿಸತೊಡಗಿದವು. ಜಾಡಿನ ನೆಪದಲ್ಲಿ ನಿಜವಾದ ನರಿಯೇ ಬಲಿಯಾಗುತ್ತಿದೆ ಎಂಬ ದೂರು ನಿಲ್ಲಲಿಲ್ಲ. 2023ರಲ್ಲಿ ಸ್ಕಾಟ್ಲೆಂಡ್ ಇನ್ನೊಂದು ಬಿಗಿಯಾದ ಕಾಯ್ದೆ ಮಾಡಿತು. 2024ರ ಚುನಾವಣೆಯಲ್ಲಿ ಲೇಬರ್ ಪಕ್ಷ ಜಾಡಿನ ಬೇಟೆಯನ್ನೂ ನಿಷೇಧಿಸುವ ಮಾತು ಕೊಟ್ಟಿತು.

ಈ ಬೇಟೆಯನ್ನು ಬ್ರಿಟಿಷ್ ಅಧಿಕಾರಿಗಳು ನಮ್ಮ ನಾಡಿಗೂ ತಂದಿದ್ದರು. ನೀಲಗಿರಿಯ ಊಟಿ ಹಂಟ್ ಅದರಲ್ಲಿ ಹೆಸರಾದದ್ದು. ಇಂಗ್ಲೆಂಡಿನ ಹೌಂಡುಗಳಿಗೆ ಬಯಲುಸೀಮೆಯ ಬಿಸಿಲು ತಡೆಯದು, ಗುಡ್ಡದ ತಂಪಿನಲ್ಲಿ ಬದುಕಿದವು. ವೆನ್ಲಾಕ್ ಡೌನ್ಸ್ ಎಂಬ ಹುಲ್ಲುಗಾವಲಿನಲ್ಲಿ, ಬಡಗ ರೈತರ ಮತ್ತು ತೋಡರ ಸೀಮೆಯಲ್ಲಿ, ನರಿಯ ಬದಲು ಗುಳ್ಳೆನರಿಯನ್ನು ಅಟ್ಟಿದರು. ಮಾಸ್ಟರ್, ಕೆನಲ್, ಚಂದಾ ಎಲ್ಲವೂ ಇಂಗ್ಲೆಂಡಿನ ಪಡಿಯಚ್ಚು.

ಈಗ ನಮ್ಮ ಎರಿಸೀಮೆಗೆ ಬರೋಣ. ಸುಗ್ಗಿ ಮುಗಿದು ಬಿಳಿಜೋಳ, ಕಡಲಿ, ಕುಸುಬಿ ಮನೆ ಸೇರಿದ ಮೇಲೆ ರೋಣದಿಂದ ನರಗುಂದದವರೆಗೆ ನೆಲ ಬೋಳು. ಬೆಣ್ಣಿಹಳ್ಳದ ದಂಡೆಯ ಜಾಲಿ ಬಿಟ್ಟರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಮೈಲಿ ದೂರದ ಚಿಗರಿ ಹಿಂಡು ಕಾಣುತ್ತದೆ. ಇಂಥ ನೆಲದಲ್ಲಿ ವಾಸನೆ ಹಿಡಿಯುವ ಹಿಂಡು ಯಾಕೆ ಬೇಕು? ದೂರ ನೋಡುವ ಕಣ್ಣು, ಗಾಳಿ ಸೀಳುವ ಮೈ, ಆಳವಾದ ಎದೆ, ಸಣ್ಣ ನಡು ಸಾಕು. ಮುಧೋಳ ನಾಯಿ ಹಾಗೆ ಬೆಳೆದದ್ದು. ಎರಡು ಮೂರು ನಾಯಿ, ನಾಲ್ಕು ಜನ, ಕೆಲವೇ ನಿಮಿಷದ ಓಟ. ಮಾಸ್ಟರ್ ಬೇಡ, ಕೊಂಬು ಬೇಡ, ರಿಜಿಸ್ಟರ್ ಬೇಡ. ನೆಲ ನಾಯಿಯನ್ನು ತಿದ್ದಿತು, ನಾಯಿ ಬೇಟೆಯ ಕಟ್ಟನ್ನು ತಿದ್ದಿತು. ನಮ್ಮ ಕಡೆಯ ಬೇಟೆಗೆ ಬರೆದಿಟ್ಟ ನಿಯಮ ಇಲ್ಲದಿರುವುದಕ್ಕೆ ನನಗೆ ತೋರುವ ಕಾರಣ ಇಷ್ಟೇ.

ಹಾಗಂತ ನಿಯಮವೇ ಇರಲಿಲ್ಲ ಎನ್ನುವಂತಿಲ್ಲ. ಗಜೇಂದ್ರಗಡದ ಸೆರಗಿನ ಹಳ್ಳಿಯೊಂದರಲ್ಲಿ, ಹರೆಯದಲ್ಲಿ ಬೇಟೆಯಾಡಿದ್ದ ಒಬ್ಬ ಮುತ್ತ್ಯಾ ನನಗೆ ಹೇಳಿದ್ದು ನೆನಪಿದೆ. "ಮುಂದ ಒಬ್ಬಾಂವ ಹಿರ್‍ಯಾ ಇರತಿದ್ದ. ಅಂವ ಅನ್ನೂತನಾ ನಾಯಿ ಹಗ್ಗ ಬಿಡೂಹಂಗಿಲ್ಲ. ಮೊದಲ ಮುಟ್ಟಿದ ನಾಯಿಗೆ ಒಂದ ಪಾಲು. ನಿಂತ ಬೆಳಿಯಾಗ ಹೊಕ್ಕರ ಹೊಲದವನಿಗೆ ನಾವ ತಪ್ಪ ಒಪ್ಪಬೇಕು." ಸಣ್ಣ ಕಟ್ಟು, ಆದರೆ ಅದರಲ್ಲಿ ಹೊಣೆ ಹೊರುವ ಒಬ್ಬ ಮನುಷ್ಯ ಇದ್ದ.

ಕನ್ನಡ ನಾಡಿನಲ್ಲಿ ನಾಯಿಯ ಬೇಟೆಗೆ ಕಲ್ಲಿನ ಮೇಲೆ ಬರೆದ ಸಾಕ್ಷಿಯೂ ಇದೆ. ಮಂಡ್ಯ ಸೀಮೆಯ ಆತಕೂರಿನ ಶಾಸನ, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದ ನಂತರ ಮಣಲೆರ ಎಂಬ ವೀರ ಒಡೆಯನ ಮೆಚ್ಚುಗೆಗೆ ಬದಲಾಗಿ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಹಂದಿಯೂ ಕಾಳಿಯೂ ಒಟ್ಟಿಗೆ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹಂದಿ ಮತ್ತು ನಾಯಿ ಎದುರುಬದುರು ಬಿದ್ದ ಕೆತ್ತನೆ ಅದರಲ್ಲಿದೆ. ಹಂದಿ ಹರಿದ ನಾಯಿಗಳನ್ನು ಕಂಡ ನನಗೆ ಆ ಕಲ್ಲು ಬರಿ ಇತಿಹಾಸವಾಗಿ ಕಾಣುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಬರೆದ ಮಾನಸೋಲ್ಲಾಸದಲ್ಲಿ ಅರಸನ ವಿನೋದಗಳ ನಡುವೆ ನಾಯಿಗಳದೇ ಒಂದು ಭಾಗವಿದೆ, ಬೇಟೆಯದು ಬೇರೆ. ಗಜೇಂದ್ರಗಡದ ಹತ್ತಿರದ ಸೂಡಿ ಆ ಅರಸುಮನೆಯ ಕಾಲದ ದೊಡ್ಡ ಊರು. ಜೋಡು ಕಳಸದ ಗುಡಿ ನೋಡಲು ಹೋದವರು ಸುತ್ತಲಿನ ಬಯಲನ್ನೂ ಒಮ್ಮೆ ನೋಡಿ ಬನ್ನಿ. ಬೇಟೆನಾಯಿಗೆ ಹೇಳಿ ಮಾಡಿಸಿದ ನೆಲ ಅದು.

ಹತ್ತೊಂಬತ್ತನೆಯ ಶತಮಾನದಲ್ಲಿ ಬೇಟೆಯ ಯಜಮಾನಿಕೆ ಜನರ ಕೈತಪ್ಪಿತು. 1857ರಲ್ಲಿ ಕಂಪನಿ ಸರ್ಕಾರ ಶಸ್ತ್ರಗಳನ್ನು ಒಪ್ಪಿಸಬೇಕೆಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರಿಗೆ ಹೊಟ್ಟೆಪಾಡೂ ಹೌದು, ಮಾನವೂ ಹೌದು. ನವೆಂಬರ್ ಕೊನೆಗೆ ಸೈನ್ಯ ಊರಿಗೆ ನುಗ್ಗಿ ಬೆಂಕಿ ಇಟ್ಟಿತು, ಡಿಸೆಂಬರಿನಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಆರು ತಿಂಗಳ ಒಳಗೆ ನಮ್ಮ ನರಗುಂದವೂ ಎದ್ದಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ, ಜೂನ್ 12ರಂದು ನರಗುಂದದ ಅರಸ ಬಾಬಾಸಾಹೇಬ ಭಾಸ್ಕರರಾವ್ ಭಾವೆಯನ್ನು ಬೆಳಗಾವಿಯಲ್ಲಿ ನೇಣಿಗೇರಿಸಿದರು. ಆ ಬಂಡಾಯಕ್ಕೆ ದತ್ತಕದ ಹಕ್ಕು ನಿರಾಕರಿಸಿದ್ದೂ ದೊಡ್ಡ ಕಾರಣ. ಆದರೂ ತೋಪು, ಮದ್ದುಗುಂಡು ಒಪ್ಪಿಸೆಂಬ ಒತ್ತಾಯ ಅದರಲ್ಲೂ ಇತ್ತು. ಮುಂದೆ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದು, ಬೇಟೆಯನ್ನೇ ನಂಬಿದ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಬಿತ್ತು. ಅಂಥವರನ್ನು ಕೂಡಿಹಾಕಿದ ಗದಗ–ಬೆಟಗೇರಿಯ ಸೆಟ್ಲಮೆಂಟ್ ಆ ಕಾಲದ ಗುರುತು. ಕಾಯ್ದೆ ರದ್ದಾದದ್ದು 1952ರಲ್ಲಿ. ಊಟಿಯಲ್ಲಿ ಕೆಂಪು ಕೋಟು ತೊಟ್ಟು ಗುಳ್ಳೆನರಿ ಅಟ್ಟಿದರೆ ಅದು ದೊರೆಗಳ ಆಟ, ನಮ್ಮ ಹೊಲದಲ್ಲಿ ಹಸಿದವನು ಮೊಲ ಹಿಡಿದರೆ ಅವನ ಇಡೀ ಕುಲವೇ ಅಪರಾಧಿ. ಈ ಅನ್ಯಾಯವನ್ನು ಮರೆತು ಇವತ್ತಿನ ಬೇಟೆ ಕಾಯ್ದೆಯ ಬಗ್ಗೆ ಮಾತಾಡಿದರೆ ಆ ಸಮುದಾಯಗಳ ಜನ ಕಿವಿಗೊಡುವುದಿಲ್ಲ. ಕೊಡಬೇಕಾಗಿಯೂ ಇಲ್ಲ.

ಜನ ಕಟ್ಟಿಗೆ ಸಿಕ್ಕರೂ ಅವರ ನಾಯಿ ಅರಮನೆ ಸೇರಿತು. ಮುಧೋಳದ ರಾಜಾ ಮಾಲೋಜಿರಾವ್ ಘೋರ್ಪಡೆ ಬೇಡರ ಬಳಿ ಇದ್ದ ಈ ನಾಯಿಗಳನ್ನು ಗಮನಿಸಿ, ಆಯ್ದು ಬೆಳೆಸಿ, ಐದನೇ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟ ಸಂಗತಿ ಪ್ರಸಿದ್ಧ. ಗಜೇಂದ್ರಗಡವನ್ನು ಆಳಿದವರೂ ಘೋರ್ಪಡೆಯವರೇ. ಮುಂದೆ ಈ ತಳಿಗೆ ಸರ್ಕಾರದ ಮನ್ನಣೆ ಒಂದೊಂದಾಗಿ ಬಂತು. 2005ರಲ್ಲಿ ಅಂಚೆಚೀಟಿ, ಮುಧೋಳದ ಬಳಿ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ, 2016ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ಮರಿಗಳು, 2020ರಲ್ಲಿ ದೇಶದ ಅಧಿಕೃತ ಶ್ವಾನ ತಳಿಗಳ ಪಟ್ಟಿಯಲ್ಲಿ ಸ್ಥಾನ. ಆ ನಾಯಿ ಹಿಂದೆ ಓಡಿಸುತ್ತಿದ್ದ ಚಿಂಕಾರ ಹುಲ್ಲೆಗೂ ಅದೇ ಸೀಮೆಯಲ್ಲಿ ನೆಲೆ ಸಿಕ್ಕಿತು. ಬೀಳಗಿ, ಮುಧೋಳ ತಾಲೂಕುಗಳ ಯಡಹಳ್ಳಿ 2016ರಿಂದ ಚಿಂಕಾರ ವನ್ಯಜೀವಿ ಧಾಮ.

ನಮ್ಮ ಮೂರು ತಾಲೂಕುಗಳಿಗೆ ಬಂದಿರುವುದು ಬರೀ ಆ ನಾಯಿಯ ಮರಿ. ತಿಮ್ಮಾಪುರದ ಕೇಂದ್ರದ ತಿಳಿವಳಿಕೆ ಅದರ ಜೊತೆ ಬಂದಿಲ್ಲ. ಈ ನಾಯಿಯ ಮೈಯಲ್ಲಿ ಕೊಬ್ಬು ಕಡಿಮೆ, ಥಯೋಪೆಂಟೋನ್‌ನಂಥ ಅರಿವಳಿಕೆ ಔಷಧ ಬೇರೆ ನಾಯಿಗಳಿಗಿಂತ ಇದರಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಜೀವಕ್ಕೆ ಅಪಾಯ. ಸಾಕುವವರಿಗೆ ಇದು ಗೊತ್ತಿರುವುದಿಲ್ಲ. ಓಟಕ್ಕೆ ಹುಟ್ಟಿದ ಪ್ರಾಣಿಯನ್ನು ಗಿಡ್ಡ ಸರಪಳಿಗೆ ಕಟ್ಟಿ, ವಾರಕ್ಕೊಮ್ಮೆ ರಾತ್ರಿ ಬೈಕಿನಲ್ಲಿ ಹೊಲಕ್ಕೆ ಒಯ್ದು, ಹೆಡ್‌ಲೈಟಿನ ಬೆಳಕಿನಲ್ಲಿ ಮೊಲದ ಮೇಲೆ, ನರಿಯ ಮೇಲೆ ಬಿಡುತ್ತಾರೆ. ಮೊಬೈಲಿನಲ್ಲಿ ವಿಡಿಯೊ ಬೇರೆ. ಅದರಲ್ಲಿ ಹಸಿವೂ ಇಲ್ಲ, ಹಿರಿಯನೂ ಇಲ್ಲ. ಬೆಳಗ್ಗೆ ಯಾರದೋ ಕುರಿ ಸತ್ತು ಬಿದ್ದಿದ್ದರೆ ಯಾರ ನಾಯಿ ಎಂದು ಕೇಳುವಂತಿಲ್ಲ.

ಓಡುವ ನರಿಯ ಬಗ್ಗೆಯೂ ಹೇಳಬೇಕು. ಇಂಗ್ಲೆಂಡಿನ ಕೆಂಪು ನರಿಯಲ್ಲ ಇದು. ಎರಡೂವರೆಯಿಂದ ನಾಲ್ಕು ಕೆಜಿ ತೂಗುವ, ಬಾಲದ ತುದಿ ಕಪ್ಪಾದ ಬಯಲುಸೀಮೆಯ ನರಿ. ಕುರಿಮರಿ ಹೊತ್ತೊಯ್ಯುವ ಶಕ್ತಿ ಇದಕ್ಕಿಲ್ಲ. ಆ ಕೆಟ್ಟ ಹೆಸರು ತೋಳಕ್ಕೋ ಗುಳ್ಳೆನರಿಗೋ ಬೀದಿನಾಯಿಗೋ ಸೇರಬೇಕಾದ್ದು. ಇದು ತಿನ್ನುವುದು ಇಲಿ, ಮಿಡತೆ, ಗೆದ್ದಲು, ಏಡಿ, ಹಲ್ಲಿ, ಹಕ್ಕಿಯ ಮೊಟ್ಟೆ, ಬಾರಿಹಣ್ಣು. ಕಡಲಿ, ಜೋಳದ ಹೊಲದಲ್ಲಿ ಇಲಿ ಎಷ್ಟು ತಿಂದು ಹಾಕುತ್ತದೆಂದು ರೈತನಿಗೆ ನಾನು ಹೇಳಬೇಕಿಲ್ಲ. ಚಳಿಗಾಲದಲ್ಲಿ ಜೋಡಿಯಾಗಿ, ಐವತ್ತು ದಿನ ಚಿಲ್ಲರೆ ಬಸಿರು ಹೊತ್ತು, ಸುಗ್ಗಿಯ ಹೊತ್ತಿಗೆ ಮರಿ ಹಾಕುತ್ತದೆ. ಹೊಲ ಬೋಳಾಗಿ ನಾಯಿಗಳು ಹೊರಬೀಳುವ ಕಾಲವೇ ಅದರ ಬಾಣಂತನದ ಕಾಲ. ತಾಯಿಯೋ ತಂದೆಯೋ ಸತ್ತರೆ ಬಿಲದೊಳಗಿನ ಮರಿಗಳು ಉಪವಾಸ ಸಾಯಬಹುದು.

ಹಲ್ಲಿಗೆ ಸಿಕ್ಕದೆ ತಪ್ಪಿಸಿಕೊಂಡ ನರಿಗೂ ನಾಯಿ ಸಾವು ತರಬಲ್ಲದು. ಸೊಲ್ಲಾಪುರದ ಬಳಿಯ ನಾನ್ನಜ್ ಹುಲ್ಲುಗಾವಲಿನಲ್ಲಿ ನಡೆದ ಅಧ್ಯಯನಗಳು ಸಾಕುನಾಯಿಗಳ ರೋಗ, ಮುಖ್ಯವಾಗಿ ಡಿಸ್ಟೆಂಪರ್, ನರಿಗಳಿಗೆ ತಗಲುವುದನ್ನು ತೋರಿಸಿವೆ. ಅಲ್ಲಿನದೂ ನಮ್ಮಂಥದೇ ಬಯಲು. ರೇಬಿಸ್ ಎರಡೂ ಕಡೆಯಿಂದ ದಾಟುತ್ತದೆ. ಬೇಟೆಯಲ್ಲಿ ಕಚ್ಚಿಸಿಕೊಂಡು ಬಂದ ನಾಯಿ ಮನೆಯ ಕೂಸಿನ ಮಗ್ಗುಲಲ್ಲೇ ಮಲಗುತ್ತದೆ. ಲಸಿಕೆ ಹಾಕಿಸದ ಬೇಟೆನಾಯಿ ನನ್ನ ಮೇಜಿಗೆ ಬಂದಾಗಲೆಲ್ಲ ನಾನು ಮೊದಲು ಗಾಯ ನೋಡುತ್ತಿರಲಿಲ್ಲ, ಅದನ್ನು ಎತ್ತಿಕೊಂಡು ಬಂದವರ ಕೈ ನೋಡುತ್ತಿದ್ದೆ.

ನನ್ನ ಮಾತು ಇಷ್ಟು: ಬೇಟೆ ಬೇಡ, ನಾಯಿ ಬೇಕು, ನಾಯಿಗೆ ಹೊಣೆಗಾರ ಬೇಕು. ನಳದ ಲೆಕ್ಕ, ದೀಪದ ಲೆಕ್ಕ ಇಡುವ ಗ್ರಾಮ ಪಂಚಾಯತಿ ಊರಿನ ಬೇಟೆನಾಯಿಗಳ ಲೆಕ್ಕವನ್ನೂ ಇಡಲಿ. ಯಾರ ನಾಯಿ, ಎಲ್ಲಿಂದ ತಂದ ಮರಿ, ಲಸಿಕೆ ಯಾವಾಗ ಆಯಿತು ಎಂಬ ಮೂರು ಸಾಲು ಸಾಕು. ಯುಗಾದಿಗೆ ಮೊದಲು, ಬೇಟೆಯ ಆಸೆ ಏಳುವ ಹೊತ್ತಿಗೇ, ಲಸಿಕೆಯ ಶಿಬಿರ ಹಾಕಲಿ. ಅಲ್ಲಿಯೇ ಅರಣ್ಯ ಇಲಾಖೆಯವರು ಬಂದು ಕಾಯ್ದೆಯನ್ನು ನಮ್ಮ ಮಾತಿನಲ್ಲಿ ಹೇಳಲಿ. ಚಿಗರಿ, ಹಂದಿ ಬೆಳೆ ಹಾಳುಮಾಡಿದರೆ ನಾಯಿ ಬಿಡುವ ಬದಲು ಇಲಾಖೆಯ ಇ-ಪರಿಹಾರದಲ್ಲಿ ಅರ್ಜಿ ಹಾಕುವುದನ್ನು ತೋರಿಸಿಕೊಡಲಿ. ಆ ದುಡ್ಡು ಬೇಗ ಕೈಸೇರದಿದ್ದರೆ ಈ ಉಪದೇಶಕ್ಕೆ ಬೆಲೆಯಿಲ್ಲ ಎಂಬುದನ್ನು ಇಲಾಖೆಯೂ ತಿಳಿಯಲಿ. ನಾಯಿ ಓಡಬೇಕು, ನಿಜ. ಜಾತ್ರೆಯಲ್ಲಿ ನೇರ ಓಟಕ್ಕೆ, ಎಳೆದ ಬಟ್ಟೆಯ ಹಿಂದೆ ಓಡಿಸುವುದಕ್ಕೆ ಬೇಕಾದ ಅನುಮತಿ ಪಡೆದು, ಪಶುವೈದ್ಯರನ್ನು ಎದುರಿಗೆ ನಿಲ್ಲಿಸಿಕೊಂಡು ಓಡಿಸಲಿ. ಜೀವಂತ ಮೊಲವನ್ನು ಮುಂದೆ ಬಿಡುವುದು ಮಾತ್ರ ಎಲ್ಲೂ ಆಗಬಾರದು.

ರೈತರಿಗೆ ಒಂದು ಕೋರಿಕೆ. ಬ್ಯಾಸಗಿಯಲ್ಲಿ ಹೊಲ ಹರಗುವಾಗ ಬದುವಿನ ಮೇಲೆ ನಾಲ್ಕಾರು ಬಾಯಿಯ ಬಿಲ ಕಂಡರೆ, ಹೊಸ ಮಣ್ಣು ಹೊರಬಿದ್ದಿದ್ದರೆ, ಒಳಗೆ ನರಿಮರಿ ಇರುತ್ತವೆ. ಆ ಜಾಗ ಬಿಟ್ಟು ಕುಂಟಿ ತಿರುಗಿಸಿ. ಮಿರಗದ ಮಳೆಯ ಹೊತ್ತಿಗೆ ಮರಿಗಳು ದೊಡ್ಡವಾಗಿ ಬಿಲ ಬಿಡುತ್ತವೆ, ಬಿತ್ತಿಗೆಗೆ ಅಡ್ಡಿಯಾಗುವುದಿಲ್ಲ. ಬಿಲದ ಹತ್ತಿರ ನಾಯಿ ತಂದವರು ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.